ವಾಯ್ಲಿಯನ್ನು ಕೊಂದವರು ಯಾರು?

ಕಾಂಗರೂ ನಿಮಗೆಲ್ಲ ಗೊತ್ತು. ಅದರ ಪುಟ್ಟ ನೆಂಟ ವಾಯ್ಲಿ. ಆಸ್ಟ್ರೇಲಿಯಾದ ನೈರುತ್ಯ ಮೂಲೆಯ ಕಾಡಿನ ಪ್ರಾಣಿ. ಹೆಚ್ಚುಕಡಿಮೆ ಮೊಲದಷ್ಟು ಗಾತ್ರ, ಹೊಟ್ಟೆಯ ಚೀಲದಲ್ಲಿ ಮರಿ. ರಾತ್ರಿ ನೆಲ ಕೆದಕಿ ಮಣ್ಣೊಳಗಿನ ಅಣಬೆ ತಿನ್ನುತ್ತದೆ. ಇದು ಕಾಡಲ್ಲಿ ಸತ್ತರೆ ಹೇಗೆ ಸತ್ತಿತು ಅಂತ ಅಲ್ಲಿಯವರು ಪೊಲೀಸರ ಹಾಗೆ ಪತ್ತೆ ಮಾಡ್ತಾರೆ.

ಮೊದಲು ಹೆಣ ಸಿಗಬೇಕಲ್ಲ! ಅದಕ್ಕೇ ಬದುಕಿದ್ದಾಗಲೇ ಹಿಡಿದು, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಬಿಡುತ್ತಾರೆ. ಪ್ರಾಣಿ ಬಹಳ ಹೊತ್ತು ಅಲುಗಾಡದಿದ್ದರೆ ಪಟ್ಟಿಯ ಟಿಕ್ ಟಿಕ್ ಸದ್ದಿನ ವೇಗ ಬದಲಾಗುತ್ತದೆ. ಕೂಡಲೇ ಹೊರಡಬೇಕು. ತಡವಾದರೆ ಬಿಸಿಲು, ಮಳೆ, ಇರುವೆ ಸೇರಿ ಸಾಕ್ಷಿ ಹಾಳು. ಹೆಬ್ಬಾವು ನುಂಗಿದ್ದರೆ ಕಷ್ಟವೇ ಇಲ್ಲ, ಟಿಕ್ ಟಿಕ್ ಹಾವಿನ ಹೊಟ್ಟೆಯಿಂದಲೇ ಬರುತ್ತೆ!

ಹೆಣ್ಣಾದರೆ ಮೊದಲು ಚೀಲ ನೋಡಬೇಕು. ತಾಯಿ ಸತ್ತರೂ ಒಳಗಿನ ಮರಿಗೆ ಜೀವ ಇರಬಹುದು.

ಆಮೇಲೆ ಸುತ್ತಮುತ್ತ ಹೆಜ್ಜೆ, ಕೂದಲು, ಪುಕ್ಕ ಹುಡುಕ್ತಾರೆ. ನರಿಯಾದರೆ ಮಿಕ್ಕಿದ್ದನ್ನು ಮಣ್ಣಲ್ಲಿ ಹೂತಿಡುವುದುಂಟು. ಆದರೆ ಹಲ್ಲಿನ ಗುರುತು ಇದ್ದ ಮಾತ್ರಕ್ಕೆ ಅದೇ ಕೊಂದದ್ದು ಅನ್ನೋ ಹಾಗಿಲ್ಲ. ರೋಗದಿಂದ ಸತ್ತದ್ದನ್ನು ನರಿ ಆಮೇಲೆ ಬಂದು ತಿಂದಿರಬಹುದು. ಅದನ್ನು ಕಂಡುಹಿಡಿಯುವ ರೀತಿ ನನಗೆ ಬಹಳ ಹಿಡಿಸಿತು. ಚರ್ಮ ಬಿಡಿಸಿ ನೋಡ್ತಾರೆ. ಜೀವ ಇದ್ದಾಗ ಕಚ್ಚಿದ್ದರೆ ಗಾಯದ ಸುತ್ತ ಚರ್ಮದ ಕೆಳಗೆ ರಕ್ತ ಹರಡಿ ಹೆಪ್ಪುಗಟ್ಟಿರುತ್ತದೆ. ಸತ್ತಮೇಲೆ ಕಚ್ಚಿದ್ದರೆ ಹಾಗಿರೋಲ್ಲ. ಹೃದಯವೇ ನಿಂತಮೇಲೆ ರಕ್ತ ಹರಿಯೋದು ಎಲ್ಲಿಂದ?

ಕೊನೆಗೆ ಗಾಯವನ್ನೂ ಕೊರಳ ಪಟ್ಟಿಯನ್ನೂ ಹತ್ತಿಯಿಂದ ಒರೆಸಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಂಟಿದ ಎಂಜಲಿನ ಡಿಎನ್‌ಎಯಿಂದ ಯಾವ ಪ್ರಾಣಿಯ ಬಾಯಿ ಅಂತ ತಿಳಿಯುತ್ತೆ.

ಸತ್ತ ಪ್ರಾಣಿಗೆ ಇಷ್ಟೆಲ್ಲ ಯಾಕೆ ಅಂತೀರಾ? ಕೇಳಿ. ಕೆಂಪು ನರಿ ಆ ದೇಶದ್ದಲ್ಲ, ಬಿಳಿಯರು ತಂದು ಬಿಟ್ಟದ್ದು. ವಿಷದ ಮಾಂಸ ಇಟ್ಟು ಅದನ್ನು ಕಡಿಮೆ ಮಾಡಿದಾಗ ವಾಯ್ಲಿಗಳು ಹೆಚ್ಚಿದವು. 1996ರಲ್ಲಿ ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಿಂದ ಅದರ ಹೆಸರನ್ನೇ ತೆಗೆದರು. ಆದರೆ 1999ರಿಂದ 2006ರೊಳಗೆ ನೂರಕ್ಕೆ ಸುಮಾರು 90 ವಾಯ್ಲಿಗಳು ಇಲ್ಲವಾದವು! ರೋಗವಿರಬಹುದೇ ಅಂತ ರಕ್ತವನ್ನೂ ಪರೀಕ್ಷೆ ಮಾಡಿದರು. ಡ್ರಯಾಂಡ್ರ ಕಾಡಿನ ಕಡೆ ಸತ್ತ ವಾಯ್ಲಿಗಳ ಮೇಲಿನ ಎಂಜಲು ನೋಡಿದಾಗ ಹೆಚ್ಚಿನವನ್ನು ಕೊಂದದ್ದು ಬೆಕ್ಕು ಅಂತ ಗೊತ್ತಾಯಿತು. ನಮ್ಮ ಮನೆಬೆಕ್ಕಿನ ಜಾತಿಯೇ, ಕಾಡು ಸೇರಿದ್ದು. ಬೆಕ್ಕಿಗೆ ಓಡಾಡುವ ಬೇಟೆ ಬೇಕು, ಬಿದ್ದ ಮಾಂಸ ಮುಟ್ಟೋದು ಕಡಿಮೆ. ಹಾಗಾಗಿ ನರಿಗಿಟ್ಟ ವಿಷದಿಂದ ತಪ್ಪಿಸಿಕೊಂಡಿತು. ನರಿ ಕಡಿಮೆಯಾದ ಕಾಡಿನಲ್ಲಿ ಬೆಕ್ಕಿನದೇ ರಾಜ್ಯ.

ಆಮೇಲೆ ಬೆಕ್ಕು ಇಷ್ಟಪಡುವಂಥ ಬೇರೆ ವಿಷದ ತುಂಡು ಮಾಡಿದರು. 2010ರಲ್ಲಿ ಪೆರುಪ್ ಎಂಬಲ್ಲಿ ನರಿ, ಬೆಕ್ಕು ದಾಟಲಾರದ ಬೇಲಿ ಹಾಕಿ, ಒಳಗೆ ವಾಯ್ಲಿಗಳನ್ನು ಬಿಟ್ಟರು.