ಅಂಚುಗಲ್ಲಿಲ್ಲದ ಬೀದಿ

ಪಟ್ಟಣದ ಬೀದಿಗಳಲ್ಲಿ ನಡೆಯುವವರ ಹಾದಿಯನ್ನೂ ವಾಹನಗಳ ಹಾದಿಯನ್ನೂ ಬೇರ್ಪಡಿಸುವುದು ಗೇಣೆತ್ತರವೂ ಇಲ್ಲದ ಒಂದು ಅಂಚುಗಲ್ಲು. ಅದನ್ನು ಕಿತ್ತುಹಾಕಿದರೆ ಬೀದಿಯು ಹೆಚ್ಚು ಸುರಕ್ಷಿತವಾಗುವುದೆಂದರೆ ನಾವು ಸುಲಭವಾಗಿ ನಂಬಲಾರೆವು. ಆದರೆ ನೆದರ್‌ಲೆಂಡ್ಸಿನ ಸಂಚಾರ ಎಂಜಿನಿಯರ್ ಹಾನ್ಸ್ ಮಾಂಡರ್‌ಮನ್ (1945-2008) ಅವರ ವಾದವು ಇಂಥದೇ. ಫಲಕಗಳೂ ಗೆರೆಗಳೂ ಇದ್ದಲ್ಲಿ ಚಾಲಕನು ಅವುಗಳನ್ನು ನೋಡುತ್ತಾನೆ. ಅವು ಇಲ್ಲದಿದ್ದಲ್ಲಿ ಮನುಷ್ಯರನ್ನು ನೋಡುತ್ತಾನೆ, ತಾನಾಗಿಯೇ ನಿಧಾನಿಸುತ್ತಾನೆ ಎಂಬುದು ಅದರ ತಿರುಳು.

ಲಂಡನ್ನಿನ ಎಕ್ಸಿಬಿಷನ್ ರಸ್ತೆಯು ಇಂಥ ಬೀದಿಗೆ ಪ್ರಸಿದ್ಧ ಉದಾಹರಣೆ. 1851ರ ಮಹಾಪ್ರದರ್ಶನದಿಂದ ಹೆಸರು ಪಡೆದ ಈ ರಸ್ತೆಯಲ್ಲಿ ದೊಡ್ಡ ವಸ್ತುಸಂಗ್ರಹಾಲಯಗಳಿವೆ, ಜನಸಂದಣಿ ಬಹಳ. 2012ರ ವೇಳೆಗೆ ಇಲ್ಲಿ ಅಂಚುಗಲ್ಲುಗಳನ್ನು ತೆಗೆದು, ಕಟ್ಟಡದಿಂದ ಕಟ್ಟಡದವರೆಗೆ ಒಂದೇ ಮಟ್ಟದ ಗ್ರಾನೈಟ್ ನೆಲವನ್ನು ಹಾಸಿದರು. ವೇಗದ ಮಿತಿಯನ್ನು ಗಂಟೆಗೆ 20 ಮೈಲಿಗೆ, ಎಂದರೆ ಸುಮಾರು 32 ಕಿಲೋಮೀಟರಿಗೆ ಇಳಿಸಿದರು.

ಈ ವೇಗದ ಮಹತ್ವವೇನೆಂಬುದನ್ನು ಲೆಕ್ಕ ಹಾಕಿ ನೋಡೋಣ. ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆದುದರಿಂದ 32ರ ಬದಲು 48 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರಿನ ಶಕ್ತಿಯು ಎರಡೂಕಾಲು ಪಟ್ಟಾಗುತ್ತದೆ. ಬ್ರಿಟಿಷ್ ಸಂಚಾರ ಸಂಹಿತೆಯ ಪ್ರಕಾರ, ಮೊದಲ ವೇಗದಲ್ಲಿ ಅಪಾಯವನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಕಾರು 6 ಮೀಟರ್ ಸಾಗುತ್ತದೆ. ಒತ್ತಿದ ಮೇಲೆ ಇನ್ನೂ 6 ಮೀಟರ್. ಎರಡನೆಯ ವೇಗದಲ್ಲಿ ಇವು 9 ಮತ್ತು 14 ಮೀಟರ್. ಈಗ 15 ಮೀಟರ್ ಮುಂದೆ ಒಂದು ಮಗು ರಸ್ತೆಗೆ ಇಳಿಯಿತೆನ್ನೋಣ. ಮೊದಲ ಕಾರು ಮಗುವಿಗಿಂತ 3 ಮೀಟರ್ ಹಿಂದೆಯೇ ನಿಲ್ಲುತ್ತದೆ. ಎರಡನೆಯದು ಅಲ್ಲಿಗೆ ಬಂದಾಗ ಅದರ ವೇಗವು ಇನ್ನೂ ಸುಮಾರು 36 ಕಿಲೋಮೀಟರ್!

ವೇಗವು ತಗ್ಗಿದಾಗ ಚಾಲಕನೂ ಪಾದಚಾರಿಯೂ ಪರಸ್ಪರ ಮುಖ ನೋಡಿ, ಯಾರು ಮೊದಲು ಹೋಗಬೇಕೆಂಬುದನ್ನು ಕಣ್ಣಿನಲ್ಲೇ ತೀರ್ಮಾನಿಸಬಲ್ಲರು. ಆದರೆ ಕಣ್ಣು ಕಾಣದವರಿಗೆ ಈ ಒಪ್ಪಂದದಲ್ಲಿ ಪಾಲೆಲ್ಲಿ? ಅವರ ಕೈಗೋಲಿಗೆ ಅಂಚುಗಲ್ಲೇ ಗಡಿಯನ್ನು ತಿಳಿಸುವ ಗುರುತು. ಈ ಆಕ್ಷೇಪವು ಬಲವಾಗಿ ಕೇಳಿಬಂದುದರಿಂದ ಎಕ್ಸಿಬಿಷನ್ ರಸ್ತೆಯಲ್ಲಿ ಕೋಲಿಗೂ ಕಾಲಿಗೂ ತಿಳಿಯುವಂಥ ಉಬ್ಬುಗೆರೆಗಳ ಪಟ್ಟಿಗಳನ್ನು ಹಾಸಿದರು. 2018ರಲ್ಲಿ ಬ್ರಿಟಿಷ್ ಸರ್ಕಾರವೇ, ಇಂಥ ಸಮತಲದ ಹೊಸ ಯೋಜನೆಗಳನ್ನು ತಡೆಹಿಡಿಯುವಂತೆ ಸ್ಥಳೀಯ ಆಡಳಿತಗಳಿಗೆ ಸೂಚಿಸಿತು.

ವೇಗವನ್ನು ತಗ್ಗಿಸುವುದೂ ಅಂಚುಗಲ್ಲನ್ನು ತೆಗೆಯುವುದೂ ಎರಡು ಬೇರೆ ಕೆಲಸಗಳೆಂಬುದನ್ನು ನಾವು ಮರೆಯಬಾರದು. ಮೊದಲನೆಯದರ ಲಾಭವು ಎಲ್ಲರಿಗೂ ಉಂಟು. ಎರಡನೆಯದನ್ನು ಮಾಡುವ ಮುನ್ನ, ಕೋಲು ಹಿಡಿದು ನಡೆಯುವವರನ್ನು ಕೇಳುವುದು ನ್ಯಾಯ.