ಜಾನುವಾರುಗಳ ನೆತ್ತರಿನ ಸಾಕ್ಷ್ಯ: ಕೊರೋನಾ ರೋಗಾಣುವೂ ಪ್ರತಿಕಾಯ ಪರೀಕ್ಷೆಯೂ

ಸುಗ್ಗಿ ಮುಗಿದ ಮೇಲೆ ದಾವಣಗೆರೆ, ಹರಿಹರಗಳ ಸುತ್ತಣ ಹೊಲಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿಮಂದೆಗಳನ್ನು ನಿಲ್ಲಿಸಿಕೊಳ್ಳುವ ಪದ್ಧತಿಯು ಜಮೀನುದಾರರೆಲ್ಲರೂ ಬಲ್ಲದ್ದೇ ಆಗಿದೆ. ಹಾಗೆ ಬಂದ ಕುರಿಗಾಹಿಗೆ ಸಾಂಕ್ರಾಮಿಕ ಜ್ವರವು ತಗಲಿದರೆ ಅವನ ಮಂದೆಯನ್ನು ಏನು ಮಾಡತಕ್ಕದ್ದು ಎಂಬ ಪ್ರಶ್ನೆಯು ಗ್ರಾಮದ ಮುಖಂಡರ ಎದುರಿಗೇ ಮೊದಲು ಬರುವುದು. 2020ನೆಯ ಇಸವಿಯಲ್ಲಿ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕು ಗೋಡೆಕೆರೆಯಲ್ಲಿ ಈ ಪ್ರಸಂಗವೇ ಒದಗಿತು. ಅಲ್ಲಿ ಆಡು ಕಾಯುವವರೊಬ್ಬರಿಗೆ ಕೋವಿಡ್ ಸೋಂಕು ತಗಲಿತು, ಜನರು ಭಯಪಟ್ಟರು, ಸುಮಾರು 50 ಆಡುಗಳನ್ನು ಬೇರೆಯಾಗಿ ಇರಿಸಿ, ಮಾದರಿಗಳನ್ನು ಪರೀಕ್ಷೆಗೆ ಕಳುಹಿಸಬೇಕಾಯಿತು. ಇಂಥ ಸಮಯದಲ್ಲಿ ಮಂದೆಯ ಒಡೆಯನ ಜೀವನವೆಲ್ಲವೂ ಪರೀಕ್ಷೆಯ ಫಲವನ್ನೇ ಅವಲಂಬಿಸಿರುವುದು. ಆದುದರಿಂದ ಪರೀಕ್ಷೆಯು ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು ಎಂಬುದನ್ನು ತಿಳಿದಿರುವುದು ಅವಶ್ಯಕವು.

ಪರೀಕ್ಷೆಗಳು ಎರಡು ಬಗೆ. ಮೂಗು ಗಂಟಲುಗಳ ದ್ರವದಲ್ಲಿ ರೋಗಾಣುವನ್ನೇ ಹುಡುಕುವುದು ಒಂದು. ರೋಗಾಣುವನ್ನು ಎದುರಿಸಲು ದೇಹವು ಹುಟ್ಟಿಸಿಕೊಂಡ ಪ್ರತಿಕಾಯಗಳನ್ನು ನೆತ್ತರಿನಲ್ಲಿ ಹುಡುಕುವುದು ಮತ್ತೊಂದು. ಮೊದಲನೆಯದು ಮನೆಯೊಳಗಿರುವ ಕಳ್ಳನನ್ನು ಹಿಡಿಯುವಂಥದು. ಎರಡನೆಯದು ಅವನು ಬಿಟ್ಟುಹೋದ ಹೆಜ್ಜೆಯ ಗುರುತನ್ನು ಓದುವಂಥದು. ರೋಗಾಣುವು ಕೆಲವು ದಿನಗಳಲ್ಲಿ ಮರೆಯಾಗಬಹುದು. ಪ್ರತಿಕಾಯವು ಒಂದೆರಡು ವಾರಗಳಲ್ಲಿ ಕಾಣಿಸಿಕೊಂಡು ಸಾಮಾನ್ಯವಾಗಿ ತಿಂಗಳುಗಟ್ಟಲೆ ಉಳಿಯುವುದು. ಆದುದರಿಂದ ನೆತ್ತರಿನಲ್ಲಿ ಪ್ರತಿಕಾಯ ಕಂಡುಬಂದ ಮಾತ್ರಕ್ಕೆ ಆ ಪಶುವು ಈಗ ರೋಗವನ್ನು ಹರಡುತ್ತಿದೆಯೆಂದು ಹೇಳುವುದು ಸರಿಯಲ್ಲ.

ಪರೀಕ್ಷೆಯ ಕ್ರಮವು ಹೀಗೆ: 96 ಸಣ್ಣ ಗುಳಿಗಳುಳ್ಳ ತಟ್ಟೆಯಲ್ಲಿ ರೋಗಾಣುವಿನ ಒಂದು ಅಂಶವನ್ನು ಲೇಪಿಸಿರುವರು. ನೆತ್ತರು ಹೆಪ್ಪುಗಟ್ಟಿದ ಬಳಿಕ ಬೇರ್ಪಡುವ ತಿಳಿಯಾದ ದ್ರವವನ್ನು, ಅಂದರೆ ಸೀರಮನ್ನು, ಅದರಲ್ಲಿ ಹಾಕಿದರೆ, ಪ್ರತಿಕಾಯವಿದ್ದಲ್ಲಿ ಅದು ಆ ಲೇಪಕ್ಕೆ ಅಂಟಿಕೊಳ್ಳುವುದು. ತೊಳೆದು, ಅಂಟಿದುದನ್ನು ಗುರುತಿಸುವ ದ್ರವ್ಯವನ್ನು ಸೇರಿಸಿದಾಗ ಬಣ್ಣವೇರುವುದು. ಇದಕ್ಕೆ ಎಲೈಸಾ ಎಂದು ಹೆಸರು.

ಕೇಳುವುದಕ್ಕೆ ಸುಲಭವಾದ ಈ ಪರೀಕ್ಷೆಯನ್ನು ಪಶುಗಳಿಗೆ ಅಳವಡಿಸುವಲ್ಲಿ ಮೂರು ತೊಡಕುಗಳಿವೆ. ಮೊದಲನೆಯದು, ಗುರುತಿಸುವ ದ್ರವ್ಯವು ಸಾಮಾನ್ಯವಾಗಿ ಆಯಾ ಜಾತಿಯ ಪ್ರಾಣಿಗೇ ಸಲ್ಲುವಂಥದು; ಮನುಷ್ಯನಿಗಾಗಿ ಮಾಡಿದ್ದನ್ನು ಹಾಗೆಯೇ ಆಡಿಗೆ ಬಳಸಲಾಗದು. ಎರಡನೆಯದು, ದನಗಳಿಗೆ ತಮ್ಮದೇ ಆದ ಕೊರೋನಾ ರೋಗಾಣುವೊಂದು ಹಿಂದಿನಿಂದಲೂ ಇದ್ದು, ಎಳೆಗರುಗಳಲ್ಲಿ ಭೇದಿಯನ್ನುಂಟುಮಾಡುವುದು. ಇದರ ಪ್ರತಿಕಾಯವನ್ನು ಕೋವಿಡಿನದೆಂದು ಭ್ರಮಿಸದಂತೆ, ರೋಗಾಣುವಿನ ಯಾವ ಅಂಶವನ್ನು ಲೇಪಿಸಬೇಕೆಂಬುದನ್ನು ಎಚ್ಚರದಿಂದ ಆರಿಸಬೇಕು. ಮೂರನೆಯದು, ಸೋಂಕು ತಗಲಿದುದು ನಿಶ್ಚಯವಾಗಿರುವ ಪ್ರಾಣಿಗಳ ಸೀರಮನ್ನೂ, ತಗಲಿಲ್ಲದವುಗಳ ಸೀರಮನ್ನೂ ಹೋಲಿಸಿ ನೋಡಿದ ಹೊರತು ಪರೀಕ್ಷೆಯನ್ನು ನಂಬುವಂತಿಲ್ಲ.

ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ನಾಯಿಗಳಿಗಾಗಿ ಇಂಥದೊಂದು ಪರೀಕ್ಷಾ ಸಾಧನವನ್ನು ಸಿದ್ಧಪಡಿಸಿ 2022ರ ಜೂನ್ ತಿಂಗಳಲ್ಲಿ ಹೊರತಂದಿತು. ದನಗಳ ವಿಷಯದಲ್ಲಿ 2020ರಲ್ಲಿ ಜರ್ಮನಿಯ ವಿದ್ವಾಂಸರು 6 ದನಗಳಿಗೆ ಕೋವಿಡ್ ರೋಗಾಣುವನ್ನು ಕೊಟ್ಟು ನೋಡಿದರು. ಎರಡರಲ್ಲಿ ಮಾತ್ರ ಅಲ್ಪ ಸೋಂಕು ಕಂಡಿತು. ಜೊತೆಯಲ್ಲಿ ಕಟ್ಟಿದ್ದ 3 ದನಗಳಿಗೆ ಅದು ಹರಡಲಿಲ್ಲ. ಭಯದಿಂದ ದನಗಳನ್ನು ಅಗ್ಗಕ್ಕೆ ಮಾರುವುದಕ್ಕಾಗಲಿ ಓಡಿಸುವುದಕ್ಕಾಗಲಿ ಆಧಾರವಿಲ್ಲವೆಂದು ಇದರಿಂದ ತಿಳಿಯುವುದು.

ಗ್ರಾಮದ ಮುಖಂಡರು ಗಮನದಲ್ಲಿಡತಕ್ಕ ಸಂಗತಿಗಳು:

1. ಮಂದೆಯಲ್ಲಿ ಕೆಮ್ಮು, ಜ್ವರ, ಭೇದಿ ಕಂಡರೆ ಅದನ್ನು ಊರಿಂದೂರಿಗೆ ಅಟ್ಟಕೂಡದು. ಬೇರೆ ಮಂದೆಗಳಿಂದ ಪ್ರತ್ಯೇಕವಾಗಿ ನಿಲ್ಲಿಸಿ, ನೀರು ಮೇವುಗಳಿಗೆ ಅನುಕೂಲ ಮಾಡಿ, ಪಶುವೈದ್ಯರಿಗೆ ಕೂಡಲೇ ತಿಳಿಸತಕ್ಕದ್ದು. ಇಂಥ ಲಕ್ಷಣಗಳು ಆಡುಕುರಿಗಳ ಪಿ. ಪಿ. ಆರ್. ರೋಗದಲ್ಲಿಯೂ ಉಂಟು, ಅದಕ್ಕೆ ಲಸಿಕೆಯಿದೆ.

2. ನೆತ್ತರು ಕೊಡಲು ಹಿಂಜರಿಯಬಾರದು. ಕೆಲವೇ ಮಿಲಿಲೀಟರು ತೆಗೆಯುವುದರಿಂದ ಪಶುವು ಸೊರಗುವುದಿಲ್ಲ. ಎರಡು ಮೂರು ವಾರಗಳ ತರುವಾಯ ಮತ್ತೊಮ್ಮೆ ಕೇಳಿದರೂ ಕೊಡತಕ್ಕದ್ದು. ಪ್ರತಿಕಾಯವು ಏರಿದೆಯೋ ಇಲ್ಲವೋ ಎಂಬುದರಿಂದಲೇ ಸೋಂಕು ಹೊಸದೋ ಹಳೆಯದೋ ಎಂದು ಊಹಿಸುವರು.

3. ಪಶುವಿನ ವಯಸ್ಸು, ಕೊಂಡ ಸ್ಥಳ, ಹಾಕಿಸಿದ ಲಸಿಕೆ ಇವುಗಳನ್ನು ಬರೆದಿಡತಕ್ಕದ್ದು. ಲಸಿಕೆಯಿಂದಲೂ ಪ್ರತಿಕಾಯ ಹುಟ್ಟುವುದು. ಎಳೆಗರುವಿಗೆ ತಾಯಿಯ ಗಿಣ್ಣುಹಾಲಿನಿಂದಲೂ ಬರುವುದು. ಈ ವಿವರಗಳಿಲ್ಲದಿದ್ದರೆ ಒಳ್ಳೆಯ ಪರೀಕ್ಷೆಯೂ ತಪ್ಪು ದಾರಿಗೆ ಎಳೆಯಬಹುದು.

ನೆತ್ತರಿನ ಈ ವಿದ್ಯೆಯು ನಮ್ಮ ನಾಡಿಗೆ ಹೊಸದಲ್ಲ. ದನಗಳ ದೊಡ್ಡರೋಗವನ್ನು ತಡೆಯಲು ಪ್ರತಿಕಾಯಭರಿತವಾದ ಸೀರಮನ್ನು ತಯಾರಿಸುವುದಕ್ಕಾಗಿ 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಸಂಸ್ಥೆಯು ಸ್ಥಾಪಿತವಾಯಿತು. ಮುಂದೆ ಆ ರೋಗವು ಅಡಗಿದ ಮೇಲೆ, ಲಸಿಕೆಯನ್ನು ನಿಲ್ಲಿಸಿ, ದನಗಳ ನೆತ್ತರಿನಲ್ಲಿ ಪ್ರತಿಕಾಯವನ್ನು ಹುಡುಕಿ, ಹೊಸ ಸೋಂಕು ಎಲ್ಲಿಯೂ ಇಲ್ಲವೆಂದು ಖಚಿತಪಡಿಸಲಾಯಿತು. ಭಾರತವು 2006ರಲ್ಲಿಯೂ, ಲೋಕವೆಲ್ಲವೂ 2011ರಲ್ಲಿಯೂ ದೊಡ್ಡರೋಗದಿಂದ ಮುಕ್ತವೆಂದು ಘೋಷಿತವಾದುವು. ಹಳ್ಳಿಗಳ ರೈತರು ತಮ್ಮ ದನಗಳ ನೆತ್ತರನ್ನು ಪರೀಕ್ಷೆಗೆ ಕೊಟ್ಟುದರಿಂದಲೇ ಆ ಕಾರ್ಯವು ಕೈಗೂಡಿತು. ಮುಂದೆ ಯಾವ ಹೊಸ ವ್ಯಾಧಿಯು ಬಂದರೂ ಇದೇ ಸಹಕಾರವು ದೊರೆತಲ್ಲಿ, ಭಯಕ್ಕೆ ಬದಲಾಗಿ ಸಾಕ್ಷ್ಯವನ್ನು ನೋಡಿ ನಿರ್ಣಯಿಸುವುದು ಸಾಧ್ಯವಾಗುವುದು.