ಒಂದನೇ ಕ್ಲಾಸಲ್ಲಿ ‘ರ ಗ ಸ ದ ಅ’ ಯಾಕೆ?

ಮಗು ಸರ್ಕಾರಿ ಶಾಲೆಯಿಂದ ಬಂದು ‘ರ ಗ ಸ ದ ಅ’ ಅಂದ್ರೆ ಗಾಬರಿ ಬೇಡ. ಮೇಷ್ಟ್ರು ವರ್ಣಮಾಲೆ ಮರೆತಿಲ್ಲ!

ಇದು ನಲಿ-ಕಲಿ ಕ್ರಮ. ನಲಿಯುತ್ತಾ ಕಲಿಯೋ ಈ ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಲ್ಲಿ ಶುರುವಾಯ್ತು.

‘ಅ ಆ ಇ ಈ’ ಅಂತ ಹೊರಟ್ರೆ ಏಳನೇ ಅಕ್ಷರಕ್ಕೇ ‘ಋ’ ಎದುರಾಗುತ್ತೆ. ಆರು ವರ್ಷದ ಮಗು ಅದನ್ನ ಎಲ್ಲಿ ಬಳಸಬೇಕು? ಋಷಿ, ಋತು ಬಿಟ್ರೆ ಇನ್ನೇನಿದೆ, ಹೇಳಿ!

ರ, ಗ, ಸ ಹಾಗಲ್ಲ. ಬರೆಯೋಕೆ ಸುಲಭ, ತಿರುವು ಕಡಿಮೆ. ಮೂರೇ ಅಕ್ಷರ ಗೊತ್ತಿದ್ರೆ ಸಾಕು, ಮಗು ‘ಸರ’ ಓದುತ್ತೆ. ‘ಗರಗಸ’ ಕೂಡ! ದ, ಅ ಸೇರಿದ್ರೆ ‘ದರ’, ‘ಅರಸ’, ‘ಅಗಸ’. ಮುಂದಿನ ಗುಂಪು ಜ ವ ಮ ಬ ನ. ಆಗ ‘ಮರ’, ‘ಜನ’, ‘ನಗರ’. ಕಾಗುಣಿತವೂ ಬೇಡ, ಒತ್ತಕ್ಷರವೂ ಬೇಡ.

ಮನೇಲಿ ‘ಅ ಆ ಇ ಈ’ ತಿದ್ದಿಸೋದು ಸ್ವಲ್ಪ ನಿಲ್ಲಿಸಿ. ಇವತ್ತು ‘ಗರಗಸ’ ಬರೆದು ಮಗುವಿನ ಮುಂದಿಡಿ, ಓದಲಿ.